ಸಂಗೀತ ಕಛೇರಿ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದನ್ನೂ ಮುದ್ರಿಸಿ

ಮಾನ್ಯ ಸಂಪಾದಕರೇ,

ಹಿರಿಯ ನಾಗರಿಕರನ್ನು ಕುರಿತು ಪತ್ರಿಕೆಗಳಲ್ಲಿ ಬರುವ ಬರಹಗಳನ್ನು ನಾನು ತಪ್ಪದೆ ಓದುತ್ತೇನೆ. ಮಂಡಿನೋವು, ಮಧುಮೇಹ, ಮರೆವು, ಠೇವಣಿಯ ಬಡ್ಡಿ, ಫೋನಿನಲ್ಲಿ ನಡೆಯುವ ವಂಚನೆ, ಉಯಿಲು ಬರೆಯುವ ಕ್ರಮ, ಇವೆಲ್ಲವೂ ನಮಗೆ ಬೇಕಾದ ವಿಷಯಗಳೇ ಆಗಿದ್ದು, ಬರೆದವರಿಗೆ ನಾವು ಋಣಿಗಳು. ಆದರೆ ಸಂಜೆ ಐದು ಗಂಟೆಯಾಯಿತೆಂದರೆ ಸೀರೆ ಬದಲಿಸಿಕೊಂಡು, ಕೈಚೀಲದಲ್ಲಿ ನೀರಿನ ಬಾಟಲಿ, ರಾತ್ರಿಯ ಮಾತ್ರೆ ಮತ್ತು ಒಂದು ಶಾಲು ಇಟ್ಟುಕೊಂಡು ಕಛೇರಿಗೋ ನಾಟಕಕ್ಕೋ ಹೊರಡುವ ಎಪ್ಪತ್ತರ ಆಸುಪಾಸಿನವರೂ ಈ ಬೆಂಗಳೂರಿನಲ್ಲಿ ಬಹಳ ಮಂದಿ ಇದ್ದೇವೆ. ನಮ್ಮ ಈ ಸಂಜೆಗಳ ಬಗ್ಗೆ ಬರೆದದ್ದನ್ನು ನಾನು ಹೆಚ್ಚಾಗಿ ಕಂಡಿಲ್ಲವಾದ್ದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾದರೆ ಮನ್ನಿಸಬೇಕು.

ನಾನು ಚಾಮರಾಜಪೇಟೆಯಲ್ಲಿ ಬೆಳೆದವಳು. ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ನಡೆಯುವಾಗ ತಂದೆಯವರು ನನ್ನ ಕೈಹಿಡಿದು ಕರೆದೊಯ್ಯುತ್ತಿದ್ದರು. ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು 1939ರಲ್ಲಿ ಆರಂಭಿಸಿದ ಆ ಉತ್ಸವಕ್ಕೆ ಎಂ.ಎಸ್. ಸುಬ್ಬುಲಕ್ಷ್ಮಿಯವರಂಥವರು ಬಂದು ಹಾಡುತ್ತಿದ್ದ ಕಾಲ ಅದು. ಒಳಗೆ ಜಾಗ ಸಿಗದ ದಿನ ರಸ್ತೆಯ ಬದಿಯಲ್ಲಿಯೇ ತಂದೆಯವರ ಅಂಗವಸ್ತ್ರ ಹಾಸಿಕೊಂಡು ಕುಳಿತು ಕೇಳುತ್ತಿದ್ದೆವು. ಮುಂದೆ 22ನೆಯ ವಯಸ್ಸಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಮಕ್ಕಳಾದರು, ಅತ್ತೆಯವರು ಹಾಸಿಗೆ ಹಿಡಿದರು. ಬ್ಯಾಂಕಿನ ಮಾರ್ಚ್ ಕೊನೆಯ ಲೆಕ್ಕ, ಮಕ್ಕಳ ವಾರ್ಷಿಕ ಪರೀಕ್ಷೆ, ಯುಗಾದಿ ಮತ್ತು ರಾಮೋತ್ಸವ ಇವೆಲ್ಲವೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಬರುವುದರಿಂದ, ಬಸ್ಸಿನ ಕಿಟಕಿಯಿಂದ ಪೆಂಡಾಲಿನ ದೀಪಗಳನ್ನು ನೋಡಿಕೊಂಡು ಮನೆಗೆ ಹೋಗುವುದಷ್ಟೇ ನನ್ನ ಪಾಲಿಗೆ ಉಳಿಯಿತು. ಹಾಗೆ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದವು. ಇದನ್ನು ದೂರಾಗಿ ಹೇಳುತ್ತಿಲ್ಲ. ನನ್ನ ಪೀಳಿಗೆಯ ದುಡಿಯುವ ಹೆಂಗಸರಲ್ಲಿ ಬಹುಪಾಲು ಜನರ ಕಥೆ ಇದೇ ಆಗಿದೆ.

ನಿವೃತ್ತಿಯಾದ ಮರುವರ್ಷ ಯುಗಾದಿ ಕಳೆದ ವಾರದಲ್ಲಿ ಮತ್ತೆ ಆ ಪೆಂಡಾಲಿನೊಳಗೆ ಕಾಲಿಟ್ಟೆ. ತಂಬೂರಿಯ ಶ್ರುತಿ ಕಿವಿಗೆ ಬಿದ್ದದ್ದೇ ಕಣ್ಣು ತುಂಬಿಬಂತು. ಆವತ್ತಿನಿಂದ ಇವತ್ತಿನವರೆಗೆ, ಸಭಾಂಗಣಗಳೆಲ್ಲ ಮುಚ್ಚಿದ್ದ ಕೊರೊನಾ ಕಾಲವೊಂದನ್ನು ಬಿಟ್ಟರೆ, ವಾರಕ್ಕೆ ಒಂದು ಬಾರಿಯಾದರೂ ನಾನು ಕಛೇರಿಗೋ ನಾಟಕಕ್ಕೋ ಉಪನ್ಯಾಸಕ್ಕೋ ಹೋಗದೆ ಇದ್ದದ್ದು ಅಪರೂಪ. ಚಿಕ್ಕಂದಿನಲ್ಲಿ ತೋಡಿ ಯಾವುದು, ಧನ್ಯಾಸಿ ಯಾವುದು ಎಂದು ತಂದೆಯವರು ಹೇಳಿದರೂ ತಿಳಿಯುತ್ತಿರಲಿಲ್ಲ. ಈಗ ಆಲಾಪನೆಯ ಮೊದಲ ಎರಡು ಸಂಚಾರಗಳಲ್ಲೇ ರಾಗ ಮನಸ್ಸಿಗೆ ಬಂದು ನಿಲ್ಲುತ್ತದೆ, ಪಕ್ಕದಲ್ಲಿ ಕುಳಿತ ಗೆಳತಿಯ ಮುಖ ನೋಡಿದರೆ ಅವಳಿಗೂ ತಿಳಿದಿರುತ್ತದೆ, ಇಬ್ಬರೂ ಮಾತಿಲ್ಲದೆ ತಲೆಯಾಡಿಸುತ್ತೇವೆ. ಈ ಸುಖ ನನಗೆ ಮೂವತ್ತನೆಯ ವಯಸ್ಸಿನಲ್ಲಿ ಸಿಕ್ಕುವಂತಿರಲಿಲ್ಲ. ಇದು ಸಾವಧಾನವಾಗಿ ಕುಳಿತುಕೊಳ್ಳಲು ಬಿಡುವಿರುವವರಿಗೆ ಸಿಗುವಂಥದ್ದು.

"ಅಮ್ಮ, ಇದೆಲ್ಲ ಯೂಟ್ಯೂಬಿನಲ್ಲೇ ಇದೆಯಲ್ಲ, ಈ ಟ್ರಾಫಿಕ್ಕಿನಲ್ಲಿ ಯಾಕೆ ಹೋಗುತ್ತೀರಿ?" ಎಂದು ನನ್ನ ಮಗ ಕೇಳುತ್ತಾನೆ. ಅವನ ಕಾಳಜಿ ನನಗೆ ಅರ್ಥವಾಗುತ್ತದೆ. 2020 ಮತ್ತು 2021ರಲ್ಲಿ ಕಲಾವಿದರು ತಮ್ಮ ತಮ್ಮ ಮನೆಗಳಿಂದಲೇ ಹಾಡಿದ್ದನ್ನು ಫೋನಿನಲ್ಲಿ ಕೇಳಿ ದಿನ ಕಳೆದ ನಾನು ಆ ಸೌಲಭ್ಯವನ್ನು ಹಗುರವಾಗಿ ಕಾಣಲಾರೆ. ಆದರೆ ಮುಂದಿನ ಸಾಲಿನಲ್ಲಿ ಯಾರೋ ಒಬ್ಬ ಹಿರಿಯರು ತೊಡೆಯ ಮೇಲೆ ಹಾಕುವ ತಾಳ, ಮಲ್ಲಿಗೆ ಹೂವಿನ ವಾಸನೆ, ಪಲ್ಲವಿ ಹಿಡಿತಕ್ಕೆ ಬಂದ ಕ್ಷಣದಲ್ಲಿ ಸಭೆಯಲ್ಲಿ ಏಳುವ 'ಆಹಾ' ಎಂಬ ಉದ್ಗಾರ, ರಾಮನವಮಿಯ ದಿನ ಎಲ್ಲರ ಕೈಗೂ ಬರುವ ಪಾನಕ, ಕೋಸಂಬರಿ, ನೀರುಮಜ್ಜಿಗೆ, ಇವು ಫೋನಿನೊಳಗೆ ಬರುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮನೆಯಿಂದ ಹೊರಟೆ ಎಂಬುದೇ ದೊಡ್ಡದು. ಇಡೀ ದಿನ ಯಾರೊಂದಿಗೂ ಮಾತಿಲ್ಲದೆ ಕಳೆಯುವ ಒಂಟಿ ಹಿರಿಯರು ನಮ್ಮ ಬಡಾವಣೆಯೊಂದರಲ್ಲೇ ಹಲವರಿದ್ದಾರೆ. ಅವರಿಗೆ ಆ ಸಂಜೆಯ ಎರಡು ಗಂಟೆಗಳು ಏನೆಂಬುದು ಅವರನ್ನು ಕೇಳಿದವರಿಗಷ್ಟೇ ಗೊತ್ತು.

ಇಷ್ಟು ಹೇಳಿದ ಮೇಲೆ ನನ್ನ ಬಿನ್ನಹಕ್ಕೆ ಬರುತ್ತೇನೆ. ನಮ್ಮ ನಗರದ ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಬರುವವರಲ್ಲಿ ಹಿರಿಯರು ಎಷ್ಟು ಮಂದಿ ಎಂಬುದನ್ನು ಯಾವ ಸಭಾಂಗಣದಲ್ಲಾದರೂ ಹಿಂದಿನ ಸಾಲಿನಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ಬೆಳ್ಳಿಕೂದಲಿನ ತಲೆಗಳೇ ಹೆಚ್ಚು. ಆದರೂ ಕಾರ್ಯಕ್ರಮವನ್ನು ಏರ್ಪಡಿಸುವಾಗ ನಮ್ಮ ದೇಹದ ಮಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಸಂಘಟಕರು ಕಡಿಮೆ. ಆಹ್ವಾನಪತ್ರಿಕೆಯಲ್ಲಿ ಐದೂವರೆ ಎಂದಿರುತ್ತದೆ. ಐದೂವರೆಗೆ ಹೋಗಿ ಕುಳಿತರೆ ಮುಖ್ಯ ಅತಿಥಿಗಳು ಬಂದಿರುವುದಿಲ್ಲ. ಬಂದ ಮೇಲೆ ಪ್ರಾರ್ಥನೆ, ದೀಪ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ ನುಡಿ, ಹಾರ, ಶಾಲು, ಫಲತಾಂಬೂಲ, ನೆನಪಿನ ಕಾಣಿಕೆ, ಅಧ್ಯಕ್ಷರ ಭಾಷಣ, ವಂದನಾರ್ಪಣೆ ಎಲ್ಲವೂ ಮುಗಿದು ಕಲಾವಿದರು ವೇದಿಕೆಗೆ ಬರುವ ಹೊತ್ತಿಗೆ ಏಳು ದಾಟಿರುತ್ತದೆ. ಎಂಟೂವರೆಗೆ ಮನೆಯಲ್ಲಿರಬೇಕಾದವರು, ಊಟಕ್ಕೆ ಮುಂಚೆ ಇನ್ಸುಲಿನ್ ತೆಗೆದುಕೊಳ್ಳಬೇಕಾದವರು ಆಗ ಏನು ಮಾಡಬೇಕು? ಕೇಳಬೇಕೆಂದು ಬಂದದ್ದು ಯಾವುದೋ ಅದು ಆರಂಭವಾಗುತ್ತಿರುವಾಗಲೇ ಎದ್ದುಹೋಗುವ ಸಂಕಟ ಅನುಭವಿಸಿದವರಿಗೆ ಗೊತ್ತು. ಸಾಧಕರನ್ನು ಸನ್ಮಾನಿಸುವುದು ಒಳ್ಳೆಯ ಕೆಲಸವೇ. ಅದನ್ನು ಕಛೇರಿ ಮುಗಿದ ಮೇಲೆ, ಇರಬಲ್ಲವರು ಇರುವಾಗ ಮಾಡಬಹುದಲ್ಲವೇ?

ಇದಕ್ಕೆ ಹೊಂದಿಕೊಂಡ ಇನ್ನೊಂದು ಸಂಗತಿಯನ್ನು ಹೇಳಬೇಕು. ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನ ಆರಂಭವಾದ ಕೂಡಲೇ ಜನ ಎದ್ದು ಹೊರಗೆ ಹೋಗುತ್ತಾರೆ, ಇದು ಮೃದಂಗ ವಾದಕರಿಗೆ ಮಾಡುವ ಅಗೌರವ ಎಂಬ ಮಾತನ್ನು ವೇದಿಕೆಯಿಂದಲೂ ಬರಹಗಳಲ್ಲಿಯೂ ಕೇಳಿದ್ದೇನೆ. ಆ ಮಾತು ನಿಜ, ವಾದಕರ ಮನಸ್ಸಿಗೆ ಅದು ನೋವು ಕೊಡುತ್ತದೆ. ಆದರೆ ಎದ್ದುಹೋಗುವವರಲ್ಲಿ ಎಲ್ಲರೂ ಕಾಫಿಗೆ ಹೋಗುವವರಲ್ಲ. ಎಪ್ಪತ್ತು ದಾಟಿದವರಲ್ಲಿ ಹಲವರಿಗೆ ಒಂದೂವರೆ ಗಂಟೆಗಿಂತ ಹೆಚ್ಚು ಹೊತ್ತು ಶೌಚಾಲಯಕ್ಕೆ ಹೋಗದೆ ಕುಳಿತಿರಲು ಆಗುವುದಿಲ್ಲ. ಹಾಡಿನ ನಡುವೆ ಏಳುವುದು ತಪ್ಪೆಂದು ತಡೆದುಕೊಂಡು ತಡೆದುಕೊಂಡು ಕೊನೆಗೆ ತನಿಯ ಹೊತ್ತಿನಲ್ಲಿ ಏಳುತ್ತಾರೆ. ಪ್ರಧಾನ ರಾಗವನ್ನು ಎತ್ತಿಕೊಳ್ಳುವ ಮೊದಲು ಐದೇ ಐದು ನಿಮಿಷದ ಬಿಡುವನ್ನು ಕೊಟ್ಟರೆ ವಾದಕರ ಗೌರವವೂ ಉಳಿಯುತ್ತದೆ, ನಮ್ಮ ಮಾನವೂ ಉಳಿಯುತ್ತದೆ. ಹೀಗೆ ಬಿಡುವು ಕೊಟ್ಟರೆ ಕಛೇರಿಯ ಓಘ ಕೆಡುತ್ತದೆ ಎನ್ನುವ ಸಂಗೀತಗಾರರ ಅಭಿಪ್ರಾಯವನ್ನು ಬಲ್ಲೆ, ಗೌರವಿಸುತ್ತೇನೆ. ಆದರೂ ಯೋಚಿಸಿ ನೋಡಬೇಕೆಂದು ಪ್ರಾರ್ಥಿಸುತ್ತೇನೆ.

ಶೌಚಾಲಯದ ಮಾತನ್ನು ಬಹಿರಂಗವಾಗಿ ಬರೆಯಲು ಸಂಕೋಚವಾಗುತ್ತದೆ, ಆದರೆ ಬರೆಯದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ. ಬ್ಯಾಂಕಿನಲ್ಲಿ ನನ್ನ ಪಕ್ಕದ ಕೌಂಟರಿನಲ್ಲಿ ಕೂರುತ್ತಿದ್ದ ಗೆಳತಿಯೊಬ್ಬಳು ಹತ್ತು ವರ್ಷ ನನ್ನ ಜೊತೆ ಕಛೇರಿಗಳಿಗೆ ಬರುತ್ತಿದ್ದಳು. ನಾವು ಹೆಚ್ಚಾಗಿ ಹೋಗುತ್ತಿದ್ದ ಸಭಾಂಗಣವೊಂದರಲ್ಲಿ ಹೆಂಗಸರ ಶೌಚಾಲಯ ಕಟ್ಟಡದ ಹಿಂಬದಿಯಲ್ಲಿ, ಕತ್ತಲೆಯಲ್ಲಿ, ಹಿಡಿದುಕೊಳ್ಳಲು ಕಂಬಿಯಿಲ್ಲದ ನಾಲ್ಕು ಮೆಟ್ಟಿಲಿನ ಕೆಳಗೆ ಇತ್ತು. ಅಲ್ಲಿಗೆ ಹೋಗುವ ಭಯಕ್ಕೆ ಅವಳು ಕಛೇರಿಯಿರುವ ದಿನ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಡುತ್ತಿದ್ದಳು. ಒಂದು ಏಪ್ರಿಲ್ ತಿಂಗಳ ಸಂಜೆ ಕುರ್ಚಿಯಲ್ಲೇ ತಲೆಸುತ್ತಿ ಒರಗಿದಾಗಷ್ಟೇ ನನಗೆ ಈ ವಿಷಯ ತಿಳಿಯಿತು. ಅವಳಿಗೆ ಏನೂ ಆಗಲಿಲ್ಲ, ಸುಧಾರಿಸಿಕೊಂಡಳು. ಆದರೆ ಅವಳ ಮಕ್ಕಳು ಆಮೇಲೆ ಅವಳನ್ನು ಕಳಿಸಲಿಲ್ಲ, ಅವಳೂ ಕೇಳಲಿಲ್ಲ. ಒಂದು ದೀಪ, ಒಂದು ಕಂಬಿ, ಒಂದು ಇಳಿಜಾರು ಇದ್ದಿದ್ದರೆ ಅವಳು ಇವತ್ತೂ ನನ್ನ ಪಕ್ಕದಲ್ಲಿ ಕುಳಿತಿರುತ್ತಿದ್ದಳು.

ನಮ್ಮ ಅಗತ್ಯವನ್ನು ಪೂರೈಸುವುದು ಕಷ್ಟವಲ್ಲ ಎಂಬುದಕ್ಕೆ ನಮ್ಮ ಕಣ್ಣೆದುರೇ ಉದಾಹರಣೆಗಳಿವೆ. ಜೆ.ಪಿ. ನಗರದ ರಂಗಶಂಕರ 2004ರಲ್ಲಿ ತೆರೆದಂದಿನಿಂದಲೂ ನಾಟಕ ಹೇಳಿದ ಹೊತ್ತಿಗೆ ಸರಿಯಾಗಿ ಆರಂಭವಾಗುತ್ತದೆ, ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಈ ಶಿಸ್ತನ್ನು ಕೆಲವರು ಕಠೋರವೆಂದರು. ನಮ್ಮಂಥವರಿಗೆ ಅದು ದೊಡ್ಡ ಉಪಕಾರ, ಏಕೆಂದರೆ ನಾಟಕದ ಅವಧಿ ಗೊತ್ತಿದ್ದರೆ ಎಷ್ಟು ಗಂಟೆಗೆ ಮನೆಯಲ್ಲಿರುತ್ತೇವೆಂದು ಹೊರಡುವಾಗಲೇ ಹೇಳಬಹುದು. ಅಲ್ಲಿ ಭಾನುವಾರಗಳಲ್ಲಿ ಮಧ್ಯಾಹ್ನ ಮೂರೂವರೆಗೂ ಪ್ರದರ್ಶನವಿಡುವುದುಂಟು. ಆ ಪ್ರದರ್ಶನ ಮುಗಿಸಿ ಅಲ್ಲಿಯ ಕೆಫೆಯಲ್ಲಿ ಸಾಬೂದಾನ ವಡೆ ತಿಂದು, ಬೆಳಕಿರುವಾಗಲೇ ಬಸ್ ಹತ್ತುವ ಸಮಾಧಾನವನ್ನು ಮಾತಿನಲ್ಲಿ ಹೇಳುವುದು ಕಷ್ಟ. ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯಲ್ಲಿರುವ, 1945ರಲ್ಲಿ ಆರಂಭವಾದ, ನಾವೆಲ್ಲ 'ವರ್ಲ್ಡ್ ಕಲ್ಚರ್' ಎಂದು ಕರೆಯುವ ಸಂಸ್ಥೆಯಲ್ಲಿ ಉಪನ್ಯಾಸ, ಸಂಗೀತ, ನೃತ್ಯಗಳಿಗೆ ಪ್ರವೇಶಧನವಿಲ್ಲ. ಗ್ರಂಥಾಲಯದಲ್ಲಿ ಒಂದು ಗಂಟೆ ಪತ್ರಿಕೆ ಓದಿ, ಅಲ್ಲಿಂದಲೇ ಸಭಾಂಗಣಕ್ಕೆ ನಡೆದುಹೋಗುವ ಹಿರಿಯರನ್ನು ನಾನು ವರ್ಷಗಳಿಂದ ನೋಡುತ್ತಿದ್ದೇನೆ.

ಮಧ್ಯಾಹ್ನದ ಕಛೇರಿ ಎಂದರೆ ನಮ್ಮಲ್ಲಿ ಕೆಲವರು ಹುಬ್ಬೇರಿಸುತ್ತಾರೆ. ಚೆನ್ನೈನ ಡಿಸೆಂಬರ್ ಸಂಗೀತ ಋತುವಿಗೆ ಹೋಗಿಬಂದವರಿಗೆ ಅದು ಹೊಸದಲ್ಲ. ಅಲ್ಲಿಯ ಸಭೆಗಳಲ್ಲಿ ಮಧ್ಯಾಹ್ನದ ಹೊತ್ತು ಯುವ ಕಲಾವಿದರು ಹಾಡುತ್ತಾರೆ, ಆ ಕಛೇರಿಗಳಲ್ಲಿ ಬಹಳಷ್ಟಕ್ಕೆ ಟಿಕೆಟ್ ಇರುವುದಿಲ್ಲ, ಕೇಳುವವರಲ್ಲಿ ಹಿರಿಯರೇ ಹೆಚ್ಚು. ಬೆಳಗಿನಿಂದ ಸಂಜೆಯವರೆಗೆ ಸಭೆಯ ಕ್ಯಾಂಟೀನಿನಲ್ಲಿ ತಿಂಡಿ, ಊಟ, ಕಾಫಿ ಸಿಗುತ್ತದೆ. ನಾನು ಗೆಳತಿಯರೊಡನೆ ಒಮ್ಮೆ ಐದು ದಿನ ಅಲ್ಲಿದ್ದು, ನಾಳೆ ಹೆಸರು ಮಾಡಲಿರುವ ಎಷ್ಟೋ ಮಕ್ಕಳ ದನಿಯನ್ನು ಕೇಳಿಬಂದೆ. ಬೆಂಗಳೂರಿನಲ್ಲಿ ಅವಕಾಶಕ್ಕಾಗಿ ಕಾಯುತ್ತಿರುವ ಯುವ ಗಾಯಕರೂ ವಾದಕರೂ ಇದ್ದಾರೆ, ಮಧ್ಯಾಹ್ನ ಬಿಡುವಾಗಿರುವ ರಸಿಕರೂ ಇದ್ದಾರೆ, ಹಗಲೆಲ್ಲ ಬೀಗ ಹಾಕಿರುವ ಸಭಾಂಗಣಗಳೂ ಇವೆ. ಈ ಮೂವರನ್ನು ಸೇರಿಸುವುದಕ್ಕೆ ದೊಡ್ಡ ಹಣ ಬೇಕಿಲ್ಲ. 1905ರಿಂದ ನಡೆದುಬಂದಿರುವ ಬೆಂಗಳೂರು ಗಾಯನ ಸಮಾಜದಂಥ ಹಿರಿಯ ಸಂಸ್ಥೆಗಳಿಂದ ಹಿಡಿದು ನಮ್ಮ ಬಡಾವಣೆಯ ದೇವಸ್ಥಾನದ ಸಮಿತಿಯವರೆಗೆ ಯಾರು ಬೇಕಾದರೂ ಇದನ್ನು ಕೈಗೆತ್ತಿಕೊಳ್ಳಬಹುದು. ಪುಷ್ಯ ಬಹುಳ ಪಂಚಮಿಯ ತ್ಯಾಗರಾಜರ ಆರಾಧನೆಯ ಬೆಳಿಗ್ಗೆ ನಾಟ, ಗೌಳ, ಆರಭಿ, ವರಾಳಿ, ಶ್ರೀ ರಾಗಗಳ ಪಂಚರತ್ನ ಗೋಷ್ಠಿಗಾಯನಕ್ಕೆ ಹತ್ತು ಗಂಟೆಗೇ ಎಷ್ಟು ಹಿರಿಯರು ಪುಸ್ತಕ ಹಿಡಿದು ಬಂದು ಕೂರುತ್ತಾರೆಂಬುದನ್ನು ನೋಡಿದರೆ, ಹಗಲಿನ ಕಾರ್ಯಕ್ರಮಕ್ಕೆ ಜನ ಬರುವುದಿಲ್ಲ ಎಂಬ ಸಂದೇಹ ಉಳಿಯುವುದಿಲ್ಲ.

ಕಛೇರಿಯಷ್ಟೇ ಮುಖ್ಯವಾದದ್ದು ಅದರ ಹಿಂದಿನ ತಿಂಡಿ, ಕಾಫಿ. ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ವಾರದ ನಡುವೆ, ಶುಕ್ರವಾರದ ರಜೆಯನ್ನು ತಪ್ಪಿಸಿ, ಮೂರು ಗಂಟೆಯ ಸುಮಾರಿಗೆ ಹೋದರೆ ಶನಿವಾರ, ಭಾನುವಾರಗಳ ನೂಕುನುಗ್ಗಲು ಇರುವುದಿಲ್ಲ. ಅಲ್ಲಿಯ ಗೋಡೆಯ ಮೇಲಿನ ಸಾಹಿತಿಗಳ ಚಿತ್ರಗಳ ಕೆಳಗೆ ಕುಳಿತು, ತೋಳಿನ ಮೇಲೆ ತಟ್ಟೆಗಳನ್ನು ಸಾಲಾಗಿ ಜೋಡಿಸಿಕೊಂಡು ಬರುವ ಮಾಣಿಯನ್ನು ನೋಡುತ್ತ, ಒಂದು ಮಸಾಲೆ ದೋಸೆಯನ್ನು ಇಬ್ಬರು ಹಂಚಿಕೊಂಡು ತಿನ್ನುತ್ತೇವೆ. ವೈದ್ಯರು ಎಣ್ಣೆ, ತುಪ್ಪ ಕಡಿಮೆ ಮಾಡಿ ಎಂದಿದ್ದಾರೆ, ಬಿಡಿ ಎಂದಿಲ್ಲ. ಅರ್ಧ ದೋಸೆ ಮತ್ತು ಸಕ್ಕರೆಯಿಲ್ಲದ ಕಾಫಿ ನಮ್ಮ ಒಪ್ಪಂದ. ಎಂ.ಟಿ.ಆರ್.ಗೆ ಹೋದರೆ ರವೆ ಇಡ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವದಿಂದ ಅಲ್ಲಿ ಹುಟ್ಟಿತೆಂದು ಹೇಳುವ ಆ ಇಡ್ಲಿ ಹಲ್ಲಿನ ತೊಂದರೆ ಇರುವವರಿಗೂ ಹಿತ. 'ಒನ್ ಬೈ ಟು ಕಾಫಿ' ಎಂಬ ಪದ್ಧತಿಯನ್ನು ಈ ಊರು ಯಾರಿಗಾಗಿ ಮಾಡಿತೋ ತಿಳಿಯದು, ಹಿರಿಯರಿಗೆ ಅದರಷ್ಟು ಒಪ್ಪುವ ಪದ್ಧತಿ ಇನ್ನೊಂದಿಲ್ಲ. ಅವರೆಕಾಯಿಯ ಕಾಲದಲ್ಲಿ ಹಿತಕಿದ ಬೇಳೆಯ ಸಾರು ಮನೆಯಲ್ಲಿ ಮಾಡಲು ಕೈ ಬರುವುದಿಲ್ಲ, ಬೆರಳಿನ ಗಂಟುಗಳು ನೋಯುತ್ತವೆ. ಹೊರಗೆ ತಿನ್ನುವುದೇ ಈಗ ನಮ್ಮ ಹಬ್ಬ. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಬೆಳಿಗ್ಗೆ ಎಂಟು ಗಂಟೆಯ ಒಳಗೆ ಹೋಗಿ, ದೊಡ್ಡ ಬಸವಣ್ಣನಿಗೆ ಕೈಮುಗಿದು, ಬಿಸಿಲೇರುವ ಮುನ್ನ ಒಂದು ಸೇರು ಕಡಲೆಕಾಯಿಯೊಡನೆ ಹಿಂತಿರುಗುತ್ತೇವೆ.

ಇಲ್ಲಿಯೂ ಒಂದು ಕೋರಿಕೆ ಇದೆ. 1980ರ ದಶಕದಲ್ಲಿ ದರ್ಶಿನಿಗಳು ಬಂದ ಮೇಲೆ ಶುಚಿಯಾದ ತಿಂಡಿ ಬೇಗ, ಕಡಿಮೆ ದರಕ್ಕೆ ಸಿಗುವಂತಾಯಿತು. ಸಂಬಳದ ಕಾಲದಲ್ಲಿ ನಾನೂ ನಿಂತೇ ತಿಂದು ಬ್ಯಾಂಕಿಗೆ ಓಡಿದವಳು. ಈಗ ನಿಂತು ತಿನ್ನಲು ಮಂಡಿ ಬಿಡುವುದಿಲ್ಲ, ಒಂದು ಕೈಯಲ್ಲಿ ಊರುಗೋಲು ಹಿಡಿದು ಇನ್ನೊಂದು ಕೈಯಲ್ಲಿ ತಟ್ಟೆ ಹಿಡಿಯಲು ಆಗುವುದಿಲ್ಲ. ಮೂಲೆಯಲ್ಲಿ ನಾಲ್ಕೇ ಕುರ್ಚಿ ಹಾಕಿ 'ಹಿರಿಯರಿಗೆ' ಎಂದು ಬರೆದಿಟ್ಟರೆ ಸಾಕು. ಹಾಗೆ ಮಾಡಿರುವ ಹೋಟೆಲುಗಳು ಅಲ್ಲಲ್ಲಿ ಇವೆ, ನಾವು ದೂರವಾದರೂ ಅಲ್ಲಿಗೇ ಹೋಗುತ್ತೇವೆ.

ಹೋಗಿಬರುವ ದಾರಿಯ ಬಗ್ಗೆ ಹೇಳುವುದಾದರೆ, ಕೃತಜ್ಞತೆ ಮತ್ತು ನೋವು ಎರಡನ್ನೂ ಹೇಳಬೇಕು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಬಗ್ಗೆ ಯಾರು ಏನೇ ವಾದಿಸಲಿ, ಸ್ವಂತ ಪಿಂಚಣಿಯಿಲ್ಲದ ಹಿರಿಯ ಹೆಂಗಸರು ಬಸ್ಸಿನ ಹಣಕ್ಕಾಗಿ ಮಗನನ್ನೋ ಸೊಸೆಯನ್ನೋ ಕೇಳದೆ ಹೊರಡುವಂತಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಎದುರುಮನೆಯವರು ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಒಬ್ಬರೇ ಹೊರಟು ಲಾಲ್‌ಬಾಗಿನ ಗಾಜಿನ ಮನೆಯ ಫಲಪುಷ್ಪ ಪ್ರದರ್ಶನ ನೋಡಿಬಂದು, ಆ ಶೂನ್ಯ ದರದ ಟಿಕೆಟನ್ನು ನನಗೆ ತೋರಿಸಿದರು. ಮೆಟ್ರೊ ಕೂಡ ನಮಗೆ ವರವೇ. ಸೌತ್ ಎಂಡ್ ಸರ್ಕಲ್ಲಿನಲ್ಲಿ ಹತ್ತಿದರೆ ಕೋಟೆಯ ಹತ್ತಿರದ ಕೃಷ್ಣರಾಜೇಂದ್ರ ಮಾರುಕಟ್ಟೆ ಮೂರನೆಯ ನಿಲ್ದಾಣ, ಹತ್ತುವಲ್ಲಿಯೂ ಇಳಿಯುವಲ್ಲಿಯೂ ಲಿಫ್ಟ್ ಇದೆ. ಆದರೆ ಲಿಫ್ಟಿನಿಂದ ಹೊರಗೆ ಬಂದ ಮೇಲಿನ ನೂರಿನ್ನೂರು ಹೆಜ್ಜೆಗಳೇ ಕಷ್ಟ. ಎದ್ದ ಚಪ್ಪಡಿ, ಬಿದ್ದ ಕೇಬಲ್ಲು, ಮೊಣಕಾಲೆತ್ತರದ ಅಂಚು, ಪಾದಚಾರಿ ಮಾರ್ಗದ ಮೇಲೆಯೇ ನಿಲ್ಲಿಸಿದ ಸ್ಕೂಟರುಗಳು. ನಾಲ್ಕು ವರ್ಷಗಳ ಹಿಂದೆ ಇಂಥ ಒಂದು ಚಪ್ಪಡಿಗೆ ಎಡವಿ ನನ್ನ ಎಡ ಮಣಿಕಟ್ಟು ಮುರಿದು, ಎರಡು ತಿಂಗಳು ಸಂಗೀತವೂ ಇಲ್ಲ, ಅಡುಗೆಯೂ ಇಲ್ಲ ಎಂಬಂತಾಯಿತು. ಸಭಾಂಗಣ, ನಾಟಕಮಂದಿರ, ಮೆಟ್ರೊ ನಿಲ್ದಾಣಗಳ ಸುತ್ತಲಿನ ಅರ್ಧ ಕಿಲೋಮೀಟರಿನಷ್ಟು ದಾರಿಯನ್ನಾದರೂ ಸಮತಟ್ಟಾಗಿಸಿ, ಬೀದಿದೀಪ ಹಾಕಿಸಿಕೊಡಿ ಎಂದು ಪಾಲಿಕೆಯವರನ್ನು ಬೇಡಿಕೊಳ್ಳುತ್ತೇನೆ.

ಮಕ್ಕಳಿಗೂ ಒಂದು ಮಾತು ಹೇಳುವ ಸಲಿಗೆ ತೆಗೆದುಕೊಳ್ಳುತ್ತೇನೆ. ತಂದೆತಾಯಿಯರನ್ನು ನೀವು ಆಸ್ಪತ್ರೆಗೆ, ದೇವಸ್ಥಾನಕ್ಕೆ, ನೆಂಟರ ಮದುವೆಗಳಿಗೆ ಕರೆದೊಯ್ಯುತ್ತೀರಿ, ಅದರಲ್ಲಿ ಕೊರತೆಯಿಲ್ಲ. ತಿಂಗಳಿಗೊಮ್ಮೆ ಅವರಿಗೆ ಇಷ್ಟವಾದ ಒಂದು ನಾಟಕಕ್ಕೋ ಯಕ್ಷಗಾನಕ್ಕೋ ಕರೆದೊಯ್ದು, ಪಕ್ಕದಲ್ಲಿ ಕುಳಿತು ನೀವೂ ನೋಡಿ. ಬಿಡುವಿಲ್ಲದಿದ್ದರೆ ಹಿಂತಿರುಗುವ ಆಟೋವನ್ನಾದರೂ ಫೋನಿನಲ್ಲಿ ಗೊತ್ತುಮಾಡಿಕೊಡಿ. ನನ್ನ ಮೊಮ್ಮಗ ಕಲಿಸಿಕೊಟ್ಟ ಮೇಲೆ ಈಗ ನಾನೇ ಮಾಡುತ್ತೇನೆ, ಆದರೆ ಎಲ್ಲರಿಗೂ ಹಾಗೆ ಕಲಿಸುವವರು ಇರುವುದಿಲ್ಲ. "ಈ ವಯಸ್ಸಿನಲ್ಲಿ ಯಾಕೆ?" ಎಂಬ ಪ್ರಶ್ನೆಯನ್ನು ಮಾತ್ರ ಕೇಳಬೇಡಿ. ನನ್ನ ಗೆಳತಿ ಮನೆಯಲ್ಲೇ ಉಳಿದದ್ದು ಮೆಟ್ಟಿಲಿನಿಂದ ಎಷ್ಟೋ ಅಷ್ಟೇ ಆ ಪ್ರಶ್ನೆಯಿಂದ.

ಕಳೆದ ವರ್ಷ ರಾಮೋತ್ಸವದ ಒಂದು ದಿನ ಅವಳ ಮನೆಗೆ ಹೋಗಿ, ಮಗಳನ್ನು ಒಪ್ಪಿಸಿ, ಅವಳನ್ನು ಕೋಟೆಗೆ ಕರೆದುಕೊಂಡು ಹೋದೆ. ಅಂಚಿನ ಕುರ್ಚಿಯಲ್ಲಿ ಕೂರಿಸಿ, ಎಂಟು ಗಂಟೆಗೆ ಎಬ್ಬಿಸಿಕೊಂಡು ಬರುತ್ತೇನೆಂದು ಮಗಳಿಗೆ ಮಾತು ಕೊಟ್ಟಿದ್ದೆ. ಎಂಟು ಗಂಟೆಗೆ ಕಲ್ಯಾಣಿ ರಾಗದ ಆಲಾಪನೆ ಆಗಷ್ಟೇ ಆರಂಭವಾಗಿತ್ತು. ಅವಳು ನನ್ನ ಕೈಯನ್ನು ಒತ್ತಿ ಹಿಡಿದಳು, ಏಳಲಿಲ್ಲ. ನಾನು ಮಗಳಿಗೆ ಫೋನು ಮಾಡಿ ಇನ್ನೂ ಎಷ್ಟು ಹೊತ್ತಾಗಬಹುದು ಎಂದು ಹೇಳಬೇಕಿತ್ತು, ಹೇಳಲು ನನಗೆ ತಿಳಿದಿರಲಿಲ್ಲ. ಬರುವ ಯುಗಾದಿಗೆ ನಗರದ ಯಾವ ಸಂಘಟಕರೇ ಆಗಲಿ ಆಹ್ವಾನಪತ್ರಿಕೆಯನ್ನು ಅಚ್ಚಿಗೆ ಕೊಡುವ ಮೊದಲು ಈ ಪತ್ರವನ್ನು ಓದಿದರೆ, 'ಆರಂಭ' ಎಂಬ ಸಾಲಿನ ಕೆಳಗೆ 'ಮುಕ್ತಾಯ' ಎಂಬ ಇನ್ನೊಂದು ಸಾಲಿಗೆ ಜಾಗ ಮಾಡಿಕೊಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಉದ್ಯೋಗಿ
ತ್ಯಾಗರಾಜನಗರ, ಬೆಂಗಳೂರು